‘ಇಮ್ಯುನಿಟಿ ಬೂಸ್ಟ್’ ಅನ್ನೋ ಮೊದಲು ಎನ್‌ಆರ್‌ಎಫ್-2 ಕಥೆ ಕೇಳಿ

‘ಇಮ್ಯುನಿಟಿ ಹೆಚ್ಚಿಸುತ್ತೆ’ ಅನ್ನೋ ಜಾಹೀರಾತು ನಿಮ್ಮ ಫೋನಲ್ಲೂ ಬಂದಿರುತ್ತೆ. ಅದು ಯಾಕೆ ಅರ್ಧ ಸತ್ಯ ಅಂತ ಇವತ್ತು ಹೇಳ್ತೀನಿ. ನಮ್ಮ ಜೀವಕೋಶಗಳಲ್ಲಿರುವ ಎನ್‌ಆರ್‌ಎಫ್-2 ಎಂಬ ಪ್ರೋಟೀನ್ ಇದಕ್ಕೆ ಒಳ್ಳೆಯ ಉದಾಹರಣೆ.

ಇದು ಜೀನ್‌ಗಳನ್ನು ಆನ್ ಮಾಡೋ ಸ್ವಿಚ್ ಇದ್ದ ಹಾಗೆ. ಮಾಮೂಲಿ ಸಮಯದಲ್ಲಿ ಕೀಪ್-1 ಎಂಬ ಇನ್ನೊಂದು ಪ್ರೋಟೀನ್ ಇದನ್ನು ಹಿಡಿದು, ಬೇಗ ನಾಶವಾಗುವಂತೆ ಮಾಡುತ್ತೆ. ಹೊಗೆ, ವಿಷ ಕೋಶಕ್ಕೆ ತಾಗಿದಾಗ ಆ ಹಿಡಿತ ಸಡಿಲವಾಗುತ್ತೆ. ಆಗ ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ, ಕೋಶವನ್ನು ಕಾಪಾಡುವ ಜೀನ್‌ಗಳನ್ನು ಎಬ್ಬಿಸುತ್ತೆ. ಉರಿಯೂತ ಹೆಚ್ಚಿಸುವ ಐಎಲ್-6ರಂಥ ಸಂದೇಶಗಳನ್ನೂ ತಗ್ಗಿಸುತ್ತೆ.

ಈಗ ಮಲ್ಟಿಪಲ್ ಸ್ಕ್ಲೆರೋಸಿಸ್ ನೋಡಿ. ಇದರಲ್ಲಿ ನಮ್ಮದೇ ರೋಗನಿರೋಧಕ ಪಡೆ ನರಗಳ ಹೊದಿಕೆಯನ್ನು ಹಾಳುಮಾಡುತ್ತೆ. ಇಲ್ಲಿ ಬೇಕಾಗಿರೋದು ಬೂಸ್ಟ್ ಅಲ್ಲ, ಬ್ರೇಕ್. ಎನ್‌ಆರ್‌ಎಫ್-2 ಅನ್ನು ಎಚ್ಚರಿಸುವ ಡೈಮಿಥೈಲ್ ಫ್ಯೂಮರೇಟ್ ಎಂಬ ಮಾತ್ರೆಗೆ ಈ ಕಾಯಿಲೆಗಾಗಿ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಅದು ಬೇರೆ ದಾರಿಗಳಲ್ಲೂ ಕೆಲಸ ಮಾಡುತ್ತೆ. ಕೆಲವರಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿ, ಅಪರೂಪಕ್ಕೆ ಜೆಸಿ ವೈರಸ್‌ನಿಂದ ಮೆದುಳಿಗೆ ಗಂಭೀರ ಸೋಂಕು ತಗಲಿದ್ದೂ ಇದೆ. ಅದಕ್ಕೇ ಇದನ್ನು ತಗೊಳ್ಳೋರಿಗೆ ಆಗಾಗ ರಕ್ತಪರೀಕ್ಷೆ ಕಡ್ಡಾಯ.

ಸೋಂಕಿನ ವಿಷಯದಲ್ಲಿ ಲೆಕ್ಕ ಇನ್ನೂ ಗೋಜಲು. ವೈರಸ್ ಬಂದಾಗ ಎಚ್ಚರಿಕೆ ಗಂಟೆ ಬಾರಿಸುವ ಸ್ಟಿಂಗ್ ಎಂಬ ಪ್ರೋಟೀನನ್ನು ಎನ್‌ಆರ್‌ಎಫ್-2 ತಗ್ಗಿಸುತ್ತೆ, ಆಗ ಹರ್ಪಿಸ್ ವೈರಸ್‌ಗೆ ಹಾದಿ ಸುಲಭ ಅಂತ 2018ರ ಲ್ಯಾಬ್ ಅಧ್ಯಯನವೊಂದು ತೋರಿಸಿತು. ಆದರೆ 2020ರಲ್ಲಿ, ಎನ್‌ಆರ್‌ಎಫ್-2 ಎಚ್ಚರಿಸುವ ಇದೇ ಔಷಧ ಲ್ಯಾಬ್‌ನ ಕೋಶಗಳಲ್ಲಿ ಕೊರೊನಾ ವೈರಸ್ ಬೆಳೆಯದಂತೆ ತಡೆಯಿತು! ಭರವಸೆ ಹುಟ್ಟಿತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಕೊಟ್ಟು ನೋಡಿದಾಗ ಮಾತ್ರ ಪ್ರಯೋಜನ ಕಾಣಲಿಲ್ಲ.

ಇನ್ನೊಂದು ಮಾತು. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಕೀಪ್-1 ಕೆಟ್ಟು, ಈ ಸ್ವಿಚ್ ಸದಾ ಆನ್ ಆಗಿರುತ್ತೆ. ಆಗ ಅದು ಕಾಪಾಡೋದು ಕ್ಯಾನ್ಸರ್ ಕೋಶವನ್ನೇ.

ಹಾಗಾಗಿ ಈ ಸ್ವಿಚ್ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಯಾವ ಕೋಶದಲ್ಲಿ, ಎಷ್ಟು ಹೊತ್ತು ಅನ್ನೋದೇ ಮುಖ್ಯ. ಮನೆಯಲ್ಲಿ ಯಾರಾದರೂ ಇಮ್ಯುನಿಟಿ ತಗ್ಗಿಸುವ ಮಾತ್ರೆ ತಗೊಳ್ತಿದ್ರೆ, ಡಾಕ್ಟರನ್ನು ಕೇಳದೆ ಯಾವ ‘ಬೂಸ್ಟರ್’ ಪುಡಿಯನ್ನೂ ಕೊಡಬೇಡಿ. ರಕ್ತಪರೀಕ್ಷೆ ದಿನಾಂಕವನ್ನು ಮಾತ್ರ ಫೋನಲ್ಲಿ ರಿಮೈಂಡರ್ ಇಟ್ಟುಬಿಡಿ.