ಐದು ಎಂಎಲ್‌ನಲ್ಲಿ ಎಷ್ಟಿದೆ?

"ನೋವಾಗಲ್ಲ ಅಂದಿದ್ರಲ್ಲ ಮೇಡಂ, ಮತ್ಯಾಕೆ ಹಿಂಗೆ ಕಿರುಚ್ತಾನೆ?" ರಿಕವರಿ ರೂಮಿನಲ್ಲಿ ತಾಯಂದಿರು ನನ್ನ ಕೈ ಹಿಡಿದು ಕೇಳುತ್ತಾರೆ. ಹುಳುಕು ಹಿಡಿದ ನಾಲ್ಕೈದು ಹಲ್ಲು ಒಟ್ಟಿಗೇ ಕೀಳಬೇಕಾದ ಮಕ್ಕಳಿಗೆ ಅರಿವಳಿಕೆ ಕೊಟ್ಟು ಮಲಗಿಸಿ ಎಬ್ಬಿಸುವ ವೈದ್ಯೆ ನಾನು.

ಎದ್ದ ಕೂಡಲೇ ಬರುವ ಅಳುವೆಲ್ಲ ನೋವಲ್ಲ. ಸೆವೋಫ್ಲುರೇನ್ ಅನಿಲದ ಮಂಪರು ಇಳಿಯುವಾಗ ಕೆಲವು ಮಕ್ಕಳು ಕೈಕಾಲು ಬಡಿಯುತ್ತವೆ, ಅಮ್ಮನನ್ನೇ ತಳ್ಳುತ್ತವೆ. ಬಾಯಲ್ಲಿ ರಕ್ತದ ರುಚಿ, ಹೊಟ್ಟೆಗೆ ಆರು ಗಂಟೆಯಿಂದ ಊಟವಿಲ್ಲ. ನಾನು ಕಣ್ಣು ನೋಡುತ್ತೇನೆ. ನೋವಿರುವ ಮಗು ಸಾಮಾನ್ಯವಾಗಿ ನಮ್ಮನ್ನು ನೋಡಿಯೇ ಅಳುತ್ತದೆ. ಮಂಪರಿನ ಮಗುವಿನ ನೋಟ ಎಲ್ಲೂ ನಿಲ್ಲುವುದಿಲ್ಲ. ಅದು ಬಹುತೇಕ ಅರ್ಧ ಗಂಟೆಯೊಳಗೆ ತಾನಾಗಿ ತಣ್ಣಗಾಗುತ್ತದೆ.

ನೋವಿನ ಔಷಧಿ ಮಗು ಮಲಗಿರುವಾಗಲೇ ಹೋಗಿರುತ್ತದೆ. ವಸಡಿಗೆ ಮರಗಟ್ಟಿಸುವ ಇಂಜೆಕ್ಷನ್ನೂ ಕೊಡಲೇಬೇಕೆಂದು ಮೊದಲು ನಾನು ಹಟ ಹಿಡಿಯುತ್ತಿದ್ದೆ. ಒಮ್ಮೆ ಐದರ ಹುಡುಗ, ತುಟಿ ಎಲ್ಲಿದೆಯೆಂದೇ ತಿಳಿಯದೆ ಅದನ್ನು ಅಗಿಯುತ್ತ ಕೂತಿದ್ದಾನೆ. ಸಂಜೆ ಬಂದಾಗ ತುಟಿ ಬೋಂಡಾದಂತೆ ಊದಿತ್ತು. "ಹಲ್ಲಿನ ಮಾತೇ ಎತ್ತಲ್ಲ, ತುಟಿ ನೋವು ಅಂತಾನೆ" ಎಂದರು ಅವನಜ್ಜಿ. ಈಗ ಎರಡು ಹಾಲುಹಲ್ಲಿಗಾದರೆ ಬೇಡವೆನ್ನುತ್ತೇನೆ. ದೊಡ್ಡ ಮಕ್ಕಳ ದವಡೆಹಲ್ಲಿಗೆ ಇಂದಿಗೂ ಬೇಕು.

ನಿಜವಾದ ಪರೀಕ್ಷೆ ಮನೆಯಲ್ಲಿ. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿಗಲ್ಲ, ತೂಕಕ್ಕೆ: ಕಿಲೋಗೆ 15 ಮಿಲಿಗ್ರಾಂ. 16 ಕಿಲೋ ಮಗುವಿಗೆ ಒಂದು ಸಲಕ್ಕೆ 240. ಆದರೆ ಅಂಗಡಿಯಲ್ಲಿ ಒಂದು ಬಾಟಲಿಯ 5 ಎಂಎಲ್‌ನಲ್ಲಿ 120 ಮಿಲಿಗ್ರಾಂ, ಪಕ್ಕದ್ದರಲ್ಲಿ 250. ಮೊದಲನೆಯದಾದರೆ 10 ಎಂಎಲ್ ಬೇಕು. ಎರಡನೆಯದರಲ್ಲಿ 10 ಎಂಎಲ್ ಕುಡಿಸಿದರೆ ದುಪ್ಪಟ್ಟು. ಅಡುಗೆಮನೆಯ ಚಮಚ ಬೇಡ, ಗುರುತಿರುವ ಸಿರಿಂಜ್ ಇರಲಿ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ಐಬುಪ್ರೊಫೇನ್ ಬರೆದಿದ್ದರೆ ಏನಾದರೂ ತಿನ್ನಿಸಿ ಕೊಡಿ. ಎರಡೂ ಬೆರೆತ ಸಿರಪ್ ಕೊಟ್ಟು ಮೇಲೆ ಮತ್ತೆ ಪ್ಯಾರಾಸಿಟಮಾಲ್ ಕೊಡುವವರೂ ಇದ್ದಾರೆ! ಆಸ್ಪಿರಿನ್ ಮಕ್ಕಳಿಗೆ ಕೂಡದು. ನಿಮೆಸುಲೈಡನ್ನು ಹನ್ನೆರಡರೊಳಗಿನವರಿಗೆ 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ.

"ಅಳ್ತಾ ಇಲ್ವಲ್ಲ, ಯಾಕೆ ಸುಮ್ನೆ ಔಷಧಿ?" ಎನ್ನುವ ಅಜ್ಜಿಯರಿಗೆ ನಾನು ಹೇಳುವುದಿಷ್ಟೆ: ಮೊದಲ ದಿನ ಮಗುವಿನ ಮುಖ ನೋಡಬೇಡಿ, ಗಡಿಯಾರ ನೋಡಿ. ಅತ್ತ ಮೇಲೆ ಕುಡಿಸಿದರೆ ಅದು ಕೆಲಸ ಶುರುಮಾಡಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಮಗು ಬಾಯಿಯೇ ತೆರೆಯುವುದಿಲ್ಲ.

ಮೊನ್ನೆ ರಾತ್ರಿ ಹತ್ತಕ್ಕೆ 16 ಕಿಲೋ ಮಗುವೊಂದರ ತಂದೆ ವಾಟ್ಸಾಪಿನಲ್ಲಿ ಬಾಟಲಿಯ ಫೋಟೊ ಕಳಿಸಿದರು. ಲೇಬಲ್ ದೊಡ್ಡದು ಮಾಡಿ ನೋಡಿದೆ, 120ರದ್ದು. ಪಕ್ಕದಲ್ಲಿ ಅರ್ಧ ಖಾಲಿಯಾದ ತಣ್ಣನೆ ಮೊಸರನ್ನದ ಬಟ್ಟಲು. "ಹತ್ತು ಎಂಎಲ್" ಎಂದು ಬರೆದು ಮಲಗಿದೆ.