ಸೇಂತ್ ವಿಕ್ತ್ವಾರ್ ಪರ್ವತ
ಸೇಂತ್ ವಿಕ್ತ್ವಾರ್ ಆಗ್ನೇಯ ಫ್ರಾನ್ಸ್‌ನ ಪ್ರೊವಾನ್ಸ್ ಪ್ರದೇಶದಲ್ಲಿ, ಮೆಡಿಟರೇನಿಯನ್ ಕರಾವಳಿಗೆ ಅನತಿದೂರದಲ್ಲಿರುವ ಸುಣ್ಣಕಲ್ಲಿನ ಪರ್ವತ. ಎಕ್ಸ್ ನಗರದ ಪೂರ್ವಕ್ಕಿರುವ ಇದನ್ನು ಚಿತ್ರಕಾರ ಪಾಲ್ ಸೆಜಾನ್ ಮತ್ತೆ ಮತ್ತೆ ಚಿತ್ರಿಸಿದ್ದರಿಂದ ಇದು ಲೋಕಪ್ರಸಿದ್ಧವಾಯಿತು.

ಇದರ ಅತ್ಯುನ್ನತ ಶಿಖರ ಪಿಕ್ ದೆ ಮೂಶ್ (1,011 ಮೀಟರ್). ಆದರೆ ಚಾರಣಿಗರನ್ನು ಹೆಚ್ಚಾಗಿ ಸೆಳೆಯುವುದು ಪಶ್ಚಿಮದ ಅಂಚಿನಲ್ಲಿ, 946 ಮೀಟರ್ ಎತ್ತರದಲ್ಲಿ ನಿಂತಿರುವ ಪ್ರೊವಾನ್ಸ್ ಶಿಲುಬೆ. ಅದರ ಕೆಳಗೆ 17ನೆಯ ಶತಮಾನದ ಚಿಕ್ಕ ಮಠವೊಂದಿದೆ. ಶಿಖರದ ಹಾದಿ ಕಡಿದಾಗಿದ್ದು ಬಂಡೆಗಳಿಂದ ಕೂಡಿರುವುದರಿಂದ ಸೈಕಲ್ಲಿಗೆ ತಕ್ಕುದಲ್ಲ. ಬೆಟ್ಟದ ಸೈಕಲ್ ಸವಾರರಿಗೆ ಬಿಮೊಂ ಜಲಾಶಯದ ಸುತ್ತಲಿನ ಅರಣ್ಯಮಾರ್ಗಗಳೇ ಸೂಕ್ತ. ಸಮೀಪದ ಇನ್ನೊಂದು ಹಳೆಯ ಅಣೆಕಟ್ಟನ್ನು ಯೋಜಿಸಿದ ಎಂಜಿನಿಯರ್ ಫ್ರಾನ್ಸ್ವಾ ಜೋಲಾ, ಕಾದಂಬರಿಕಾರ ಎಮಿಲ್ ಜೋಲಾನ ತಂದೆ.

ಇಲ್ಲಿನ ದೊಡ್ಡ ಭಯ ಕಾಡ್ಗಿಚ್ಚು. ಬೇಸಿಗೆಯಲ್ಲಿ ಮಳೆ ಅತ್ಯಲ್ಪ. ಪೈನ್ ಮರಗಳಲ್ಲಿ ರಾಳವಿರುತ್ತದೆ. ಮಿಸ್ತ್ರಾಲ್ ಎಂಬ ವಾಯವ್ಯದ ಗಾಳಿ ಕಿಡಿಯನ್ನು ಹೊತ್ತೊಯ್ಯುತ್ತದೆ. 1989ರ ಆಗಸ್ಟ್‌ನಲ್ಲಿ ಸುಮಾರು 5,000 ಹೆಕ್ಟೇರ್ ಪ್ರದೇಶ ಸುಟ್ಟುಹೋಯಿತು. ಅಲೆಪ್ಪೊ ಪೈನ್‌ನ ಕೆಲವು ಕಾಯಿಗಳು ಬೆಂಕಿಯ ಶಾಖಕ್ಕೇ ಬಿರಿದು ಬೀಜ ಚೆಲ್ಲುತ್ತವೆಯಾದರೂ, ಆ ಸಸಿಗಳು ಬೀಜ ಬಿಡುವಷ್ಟು ಬೆಳೆಯುವ ಮೊದಲೇ ಮತ್ತೆ ಬೆಂಕಿ ಬಿದ್ದರೆ ಕಾಡು ಮರಳುವುದು ಕಷ್ಟ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡಳಿತವು ಪ್ರತಿದಿನದ ಅಪಾಯವನ್ನು ಅಳೆದು ಪ್ರವೇಶವನ್ನು ನಿರ್ಧರಿಸುತ್ತದೆ. ಅಪಾಯ ತೀವ್ರವಾಗಿರುವ ದಿನ ನಡೆಯುವವರಿಗೂ ಸೈಕಲ್ ಸವಾರರಿಗೂ ಪರ್ವತ ಮುಚ್ಚಿರುತ್ತದೆ.