ನಾಣ್ಯದ ಮೇಲೆ ‘ಸೀಸರ್’ ಎಂದಿದ್ದರೆ ಅದು ಜೂಲಿಯಸ್ ಸೀಸರನದೇ?
ಹಸಿರುಗಟ್ಟಿದ ಕಂಚಿನ ನಾಣ್ಯದ ಫೋಟೋ, ಕೆಳಗೆ ‘ಜೂಲಿಯಸ್ ಸೀಸರ್ ಕಾಲದ್ದು, ಬೆಲೆ ಕೋಟಿ’ ಎಂಬ ಸಾಲು. ಇಂಥ ಮೆಸೇಜ್ ಬಂದಿದ್ದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಸೀಸರ್ ಎಂಬುದು ಮೊದಲು ಮನೆತನದ ಹೆಸರು. ಆಮೇಲೆ ‘ಆಗಸ್ಟಸ್’ನಂತೆ ಅದೂ ರೋಮ್ ಚಕ್ರವರ್ತಿಗಳ ಬಿರುದಾಯಿತು. ಹಾಗಾಗಿ ತಲೆಯ ಸುತ್ತ ಇರುವ ಅಕ್ಷರಗಳಲ್ಲಿ ಇವೆರಡನ್ನು ಬಿಟ್ಟು ಉಳಿದದ್ದನ್ನು ಓದಿ, ಯಾರ ನಾಣ್ಯ ಎಂಬುದು ಅಲ್ಲಿ ಸಿಗುತ್ತದೆ. ‘ಯು’ ಇರಬೇಕಾದ ಕಡೆ ‘ವಿ’ ಕಂಡರೆ ನಕಲಿ ಎನ್ನಬೇಡಿ, ಆಗ ಬರೆಯುತ್ತಿದ್ದುದೇ ಹಾಗೆ.

ಹಿಂಬದಿಯಲ್ಲಿ ದೊಡ್ಡದಾಗಿ ಎಸ್, ಸಿ ಇದ್ದರೆ ‘ಸೆನೆಟ್ ನಿರ್ಣಯದಂತೆ’ ಎಂದರ್ಥ. ಸಾಮಾನ್ಯವಾಗಿ ಇವು ಮೊದಲ ಮೂರು ಶತಮಾನಗಳವು. ಇಬ್ಬರು ಸೈನಿಕರು, ನಡುವೆ ಸೇನೆಯ ಧ್ವಜ ಇದ್ದರೆ ಬಹುಮಟ್ಟಿಗೆ ಕಾನ್‌ಸ್ಟಂಟೈನ್ ಮನೆತನದ್ದು, 330ರ ದಶಕದ್ದು. ತೀರಾ ಕೆಳಗಿನ ಪುಟ್ಟ ಅಕ್ಷರಗಳು ಟಂಕಸಾಲೆಯ ಗುರುತು: ಟಿ, ಆರ್ ಎಂದರೆ ಇಂದಿನ ಜರ್ಮನಿಯ ಟ್ರಿಯರ್. ಈ ಸೈನಿಕರ ನಾಣ್ಯಗಳನ್ನು ರಾಶಿರಾಶಿಯಾಗಿ ಟಂಕಿಸಿದ್ದರು. ಸವೆದವು ಕೆಲವು ನೂರು ರೂಪಾಯಿಗೂ ಮಾರಾಟವಾಗುತ್ತವೆ, ಕೋಟಿಯ ಮಾತು ದೂರ.

ಇನ್ನೊಂದು ಮಾತು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಇದು ದೇವರ ಮನೆಯ ದೀಪವಲ್ಲ. ಎಷ್ಟೋ ನಾಣ್ಯಗಳಲ್ಲಿ ಅಕ್ಷರ ಉಳಿದಿರುವುದೇ ಆ ಹಸಿರು ಪದರದಲ್ಲಿ.